ಹೊಟ್ಟೆಯೊಳಗಣ ಒಕ್ಕಲು

ಮನೆಯೊಳಗಿನ ತಪ್ಪನ್ನು ಬೀದಿಯಲ್ಲಿ ಹೇಳಿಕೊಳ್ಳುವುದು ಗೃಹಸ್ಥನಿಗೆ ಲಕ್ಷಣವಲ್ಲವೆಂದು ಹಿರಿಯರು ಹೇಳುವುದುಂಟು. ಆದರೆ ತಪ್ಪು ನಮ್ಮದಾಗಿ, ಅದರ ದಂಡವನ್ನು ಬೇರೊಬ್ಬರು ೨೮ ವರ್ಷಗಳ ಕಾಲ ತೆತ್ತಿದ್ದಲ್ಲಿ, ಆ ಸಂಗತಿಯನ್ನು ಮುಚ್ಚಿಡುವುದೇ ಹೆಚ್ಚಿನ ಅಲಕ್ಷಣವೆಂದು ನಮಗೆ ತೋರುತ್ತದೆ. ಆದುದರಿಂದ ಈ ಪತ್ರಿಕೆಯನ್ನು ಮನೆಯಲ್ಲಿ ಕುಳಿತು ಓದುವ ತಾಯಂದಿರ ಮುಂದೆಯೂ, ಅವರ ಕೈಯಡಿಗೆಯನ್ನುಂಡು ಅದನ್ನೇ ದೂರುವ ಗಂಡಂದಿರ ಮುಂದೆಯೂ ನಮ್ಮ ಹೊಟ್ಟೆನೋವಿನ ಕಥೆಯನ್ನು ಇಡುತ್ತಿದ್ದೇವೆ.

ನಮ್ಮ ಹುಟ್ಟೂರು ಶಿಡ್ಲಘಟ್ಟಕ್ಕೆ ಸಮೀಪದ ಒಂದು ಹಳ್ಳಿ. ಆ ಸೀಮೆಯವರಿಗೆ ರೇಷ್ಮೆಯೇ ಬದುಕು. ನಮ್ಮ ತಂದೆಯವರು ಎರಡು ಎಕರೆ ಹಿಪ್ಪುನೇರಳೆ ಇಟ್ಟುಕೊಂಡು, ನಡುಮನೆಯಲ್ಲಿಯೇ ಹುಳು ಸಾಕಿ, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಮಾರಿ ನಮ್ಮೆಲ್ಲರನ್ನೂ ಸಲಹಿದರು. ಅವರಿಗೆ ಮೇಲುಹೊಟ್ಟೆಯಲ್ಲಿ ಒಂದು ಉರಿಯಿದ್ದಿತು. ಹಸಿದಾಗ ಏಳುವುದು, ಒಂದು ತುತ್ತು ತಿಂದರೆ ಅಡಗುವುದು, ನಡುರಾತ್ರಿಯಲ್ಲಿ ಮತ್ತೆ ಎದ್ದು ಅವರನ್ನು ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯಿಸುವುದು. ನಮ್ಮ ತಾಯಿಯವರು ಉಪ್ಪುಸಾರಿಗೆ ಅರೆಯುತ್ತಿದ್ದ ಖಾರವು ಊರಿಗೆಲ್ಲ ಹೆಸರಾಗಿದ್ದಿತು. “ಖಾರ ತಿಂದು ತಿಂದು ಹೊಟ್ಟೆ ಹುಣ್ಣಾಯಿತು, ಅದರ ಮೇಲೆ ಸಾಲದ ಯೋಚನೆ” ಎಂದು ನೆಂಟರೂ ಹೇಳುವರು, ವೈದ್ಯರೂ ಹೇಳುವರು. ೧೯೮೩ನೆಯ ಇಸವಿಯ ಶ್ರಾವಣದಲ್ಲಿ, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟ ರಾತ್ರಿ, ಅವರು ರಕ್ತವನ್ನು ಕಾರಿಕೊಂಡರು. ದಾರಿಯಲ್ಲಿ ಹೋಗುತ್ತಿದ್ದ ಲಾರಿಯೊಂದನ್ನು ನಿಲ್ಲಿಸಿ ಪಟ್ಟಣಕ್ಕೆ ಸೇರಿಸುವಷ್ಟರಲ್ಲಿ ಎಲ್ಲವೂ ಮುಗಿದಿದ್ದಿತು. ನಮಗಾಗ ೧೯ ವರ್ಷ. ಬೆಂಗಳೂರಿನಲ್ಲಿ ಸಂಸ್ಕೃತ ಓದುತ್ತಿದ್ದೆವು. ನಾವು ಊರು ಮುಟ್ಟಿದಾಗ ತಾಯಿಯವರು ನಮ್ಮ ಕೈ ಹಿಡಿದು ಹೇಳಿದ ಮೊದಲ ಮಾತು, “ನನ್ನ ಕೈಯ ಖಾರವೇ ಅವರನ್ನು ತಿಂದುಬಿಟ್ಟಿತಪ್ಪಾ” ಎಂಬುದು. ೨೦೦೪ರಲ್ಲಿ ಅವರು ಕಣ್ಣು ಮುಚ್ಚುವವರೆಗೂ ಆ ಮಾತನ್ನು ಬಿಡಲಿಲ್ಲ. ನಾವೂ ಅದನ್ನು ಅಲ್ಲವೆನ್ನಲಿಲ್ಲ.

ಮುಂದೆ ನಾವು ಉಪಾಧ್ಯಾಯರಾಗಿ ಚಿಂತಾಮಣಿಯಲ್ಲಿ ಕೆಲವು ವರ್ಷ, ಗೌರಿಬಿದನೂರಿನಲ್ಲಿ ಬಹುಕಾಲ ಪಾಠ ಹೇಳಿದೆವು. ೧೯೯೨ರಲ್ಲಿ ವಿವಾಹವಾಯಿತು. ಎರಡು ವರ್ಷ ಕಳೆಯುವುದರೊಳಗಾಗಿ ತಂದೆಯವರ ಉರಿಯೇ ನಮ್ಮ ಹೊಟ್ಟೆಯಲ್ಲಿಯೂ ಎದ್ದಿತು. ಅಂದು ರಾತ್ರಿ ಊಟಕ್ಕೆ ಕುಳಿತಿದ್ದವರು ತಟ್ಟೆಯನ್ನು ಹಿಂದಕ್ಕೆ ನೂಕಿ, “ನಮ್ಮ ತಾಯಿ ನಮ್ಮ ತಂದೆಗೆ ಮಾಡಿದ್ದನ್ನೇ ನೀನು ನನಗೆ ಮಾಡುತ್ತಿದ್ದೀಯೆ” ಎಂದೆವು. ತಾಯಿಯವರು ಆಗ ನಡುಮನೆಯಲ್ಲಿಯೇ ಇದ್ದರು. ಒಂದೇ ಮಾತಿನಿಂದ ಇಬ್ಬರು ಹೆಂಗಸರನ್ನು ಹೊಡೆದಂತಾಯಿತೆಂಬ ಅರಿವು ನಮಗೆ ಆ ಹೊತ್ತಿನಲ್ಲಿ ಇರಲಿಲ್ಲ. ನಮ್ಮ ಗೃಹಿಣಿಯು ಎದುರು ಮಾತಾಡಲಿಲ್ಲ. ಮರುದಿನ ಖಾರ ಅರೆಯುವ ಒರಳನ್ನು ಹಿತ್ತಲಿಗೆ ಉರುಳಿಸಿಬಿಟ್ಟಳು. ಅಂದಿನಿಂದ ಮನೆಯಲ್ಲಿ ಸಪ್ಪೆಯ ಸಾರು. ನಮಗೆ ಬೇರೆ, ತನಗೆ ಬೇರೆ ಮಾಡಿಕೊಳ್ಳಬಹುದಾಗಿದ್ದಿತು, ಆಕೆ ಮಾಡಿಕೊಳ್ಳಲಿಲ್ಲ. ಉರಿ ಮಾತ್ರ ಹೋಗಲಿಲ್ಲ. ಹಾಲು, ಸೋಡಾ, ಪುಡಿ, ಗುಳಿಗೆ ಇವುಗಳಿಂದ ಹದಿನೈದು ದಿನ ಅಡಗುವುದು, ಮತ್ತೆ ಬರುವುದು. ಅದು ಬಂದಾಗಲೆಲ್ಲ ನಾವು ಅಡಿಗೆಮನೆಯ ಕಡೆಗೆ ನೋಡುವೆವು.

೨೦೨೨ರಲ್ಲಿ, ನಿವೃತ್ತಿಗೆ ಎರಡು ವರ್ಷ ಉಳಿದಿರುವಾಗ, ಮಲವು ಇದ್ದಿಲಿನಂತೆ ಕಪ್ಪಾಗಿ, ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಮಗನು ಹಠಹಿಡಿದು ಚಿಕ್ಕಬಳ್ಳಾಪುರದ ವೈದ್ಯರೊಬ್ಬರಲ್ಲಿಗೆ ಕರೆದೊಯ್ದನು. ಅವರು ತುದಿಯಲ್ಲಿ ದೀಪವುಳ್ಳ ಬಳುಕುವ ಕೊಳವೆಯೊಂದನ್ನು ಗಂಟಲಿನ ಮಾರ್ಗವಾಗಿ ಜಠರಕ್ಕಿಳಿಸಿ, ಹುಣ್ಣನ್ನು ಕಂಡು, ಎಳ್ಳುಕಾಳಿನಷ್ಟು ಪೊರೆಯನ್ನು ಚಿವುಟಿ ತೆಗೆದು, ಹಳದಿ ಬಣ್ಣದ ಒಂದು ಪಾಕದಲ್ಲಿಟ್ಟರು. ಅರ್ಧ ಗಂಟೆಯೊಳಗೆ ಆ ಹಳದಿಯು ಕಾಗದದ ಹೂವಿನಂತೆ ಕೆಂಪುಗುಲಾಬಿಯ ಬಣ್ಣಕ್ಕೆ ತಿರುಗಿತು. “ಮೇಷ್ಟ್ರೇ, ನಿಮ್ಮ ಹೊಟ್ಟೆಯಲ್ಲಿ ಒಂದು ಕ್ರಿಮಿ ಒಕ್ಕಲಾಗಿದೆ. ಬಹುಶಃ ನೀವು ಮಗುವಾಗಿದ್ದಾಗಲೇ ಬಂದು ಸೇರಿರಬೇಕು” ಎಂದರು. ನಾವು, “ಹಾಗಾದರೆ ಖಾರ?” ಎಂದು ಕೇಳಿದೆವು. “ಖಾರವು ಹುಣ್ಣಿನ ಮೇಲೆ ಬಿದ್ದರೆ ಉರಿದೀತು, ಹುಣ್ಣನ್ನು ಮಾಡಿದ್ದು ಖಾರವಲ್ಲ” ಎಂದರು. ಗೃಹಿಣಿಯು ಬಾಗಿಲ ಬಳಿ ನಿಂತಿದ್ದಳು. ನಾವು ಆಕೆಯ ಮುಖವನ್ನು ನೋಡಲಾರದೆ ಆ ಬಣ್ಣದ ತಟ್ಟೆಯನ್ನೇ ನೋಡುತ್ತ ಕುಳಿತೆವು.

ಆ ಕ್ರಿಮಿಯ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಅದು ಆಮ್ಲದ ಮಡುವಿನಂತಿರುವ ಜಠರದಲ್ಲಿ ಹೇಗೆ ನಿಂತೀತು, ಊಟ ನೀರುಗಳ ಪ್ರವಾಹದಲ್ಲಿ ಕೊಚ್ಚಿಹೋಗದೆ ೫೦ ವರ್ಷ ಹೇಗೆ ಉಳಿದೀತು ಎಂಬುದು ನಮ್ಮನ್ನು ಕಾಡಿತು. ವೈದ್ಯರನ್ನು ಕೇಳಿಯೂ ಪುಸ್ತಕಗಳನ್ನು ಓದಿಯೂ ತಿಳಿದುದನ್ನು ಇಲ್ಲಿ ಹೇಳುತ್ತೇವೆ.

ಮೂಗು, ಬಾಯಿ, ಗಂಟಲು, ಶ್ವಾಸಕೋಶ, ಜಠರ, ಕರುಳು, ಮೂತ್ರಮಾರ್ಗ ಇವುಗಳ ಒಳಮೈಯೆಲ್ಲ ಒದ್ದೆಯಾದ ಪೊರೆಯಿಂದ ಕೂಡಿರುವುದು. ಅನ್ನನಾಳದಿಂದ ಕೆಳಗೆ ಕರುಳಿನ ಕೊನೆಯವರೆಗಿನ ಒಳಮೈಯನ್ನು ಹರಡಿದರೆ ಸುಮಾರು ೩೦ ಚದರ ಮೀಟರಾಗುವುದೆಂದು ಲೆಕ್ಕ. ಎಂದರೆ ನಾವು ಪಾಠ ಹೇಳುತ್ತಿದ್ದ ಒಂದು ಕೊಠಡಿಯ ನೆಲದಷ್ಟು. ಆ ನೆಲದ ಮೇಲೆ ಎಡೆಬಿಡದೆ ಒಂದು ಲೋಳೆಯು ಒಸರುತ್ತಿರುವುದು. ಇದಕ್ಕೆ ಸಂಸ್ಕೃತದಲ್ಲಿ ಶ್ಲೇಷ್ಮವೆಂದು ಹೆಸರು. ಶ್ಲಿಷ್ ಎಂಬ ಧಾತುವಿಗೆ ಅಪ್ಪಿಕೊಳ್ಳು, ಅಂಟಿಕೊಳ್ಳು ಎಂದರ್ಥ. ಒಂದೇ ಶಬ್ದವನ್ನು ಎರಡು ಅರ್ಥಗಳು ಅಪ್ಪಿಕೊಂಡಿದ್ದರೆ ಅಲಂಕಾರಿಕರು ಅದನ್ನು ಶ್ಲೇಷವೆನ್ನುವರು. ಆ ಶ್ಲೇಷವೂ ಈ ಶ್ಲೇಷ್ಮವೂ ಒಂದೇ ಧಾತುವಿನ ಮಕ್ಕಳು. ೩೫ ವರ್ಷ ಶ್ಲೇಷಾಲಂಕಾರವನ್ನು ಬೋಧಿಸಿದ ನಮಗೆ ಶ್ಲೇಷ್ಮದ ಎರಡನೆಯ ಅರ್ಥವು ಹೊಳೆದಿರಲಿಲ್ಲ. ಈ ಲೋಳೆಯು ಕಾವಲೂ ಹೌದು, ಕಳ್ಳನಿಗೆ ಆಸರೆಯೂ ಹೌದು. ಬಂದ ಕ್ರಿಮಿಗಳನ್ನು ಅದು ತನ್ನಲ್ಲಿ ಸಿಕ್ಕಿಸಿಕೊಂಡು ಹೊರಕ್ಕೆ ಸಾಗಿಸುವುದು. ೧೯೨೨ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಮಹಾಶಯರು ಮೂಗಿನ ಸಿಂಬಳದಲ್ಲಿ ಕ್ರಿಮಿಗಳನ್ನು ಕರಗಿಸುವ ಲೈಸೋಜೈಮ್ ಎಂಬ ವಸ್ತುವನ್ನು ಕಂಡು ಪ್ರಕಟಿಸಿದರು. ಅವರಿಗೆ ಪೆನಿಸಿಲಿನ್ ದೊರೆತದ್ದು ಅದಾದ ಆರು ವರ್ಷಗಳ ಮೇಲೆ. ಪೊರೆಯ ಜೀವಕಣಗಳೂ ಕೆಲವು ದಿನಗಳಿಗೊಮ್ಮೆ ಸವೆದು ಉದುರಿ ಹೊಸವು ಬರುವುವು. ಆದುದರಿಂದ ಇಲ್ಲಿ ಒಕ್ಕಲಾಗಬೇಕೆನ್ನುವ ಕ್ರಿಮಿಗೆ ಮೊದಲು ಬೇಕಾದದ್ದು ವಿಷವಲ್ಲ, ಹಿಡಿ.

ರೇಷ್ಮೆ ಸಾಕಿದವರಿಗೆ ಇದು ಬೇಗನೆ ತಿಳಿಯುವುದು. ಹಣ್ಣು ಹುಳುವು ಚಂದ್ರಿಕೆಗೆ ಬಂದೊಡನೆ ಗೂಡು ಕಟ್ಟುವುದಿಲ್ಲ. ಮೊದಲು ತಲೆಯಾಡಿಸಿ ಎಡೆಯನ್ನು ಹುಡುಕುವುದು. ಅನಂತರ ಅಂಟುನೂಲನ್ನು ಅಲ್ಲಲ್ಲಿ ತಗುಲಿಸಿ ಹಿಡಿ ಮಾಡಿಕೊಳ್ಳುವುದು. ಹಿಡಿ ಸಿಕ್ಕಿದ ಮೇಲೆಯೇ ಗೂಡು. ಕ್ರಿಮಿಗಳ ಕ್ರಮವೂ ಹೀಗೆಯೇ. ಹಿಡಿ ಸಿಕ್ಕಿದ ಮೇಲೆ ಎಷ್ಟೋ ಜಾತಿಯ ಕ್ರಿಮಿಗಳು ತಮ್ಮ ಸುತ್ತಲೂ ತಾವೇ ಲೋಳೆಯನ್ನು ಸ್ರವಿಸಿ ಗುಂಪಾಗಿ ಮನೆ ಕಟ್ಟಿಕೊಳ್ಳುವುವು. ಬೆಳಗ್ಗೆ ನಾಲಿಗೆಯಿಂದ ಸವರಿದರೆ ಹಲ್ಲಿನ ಮೇಲೆ ಜಾರುವ ಪಾಚಿಯು ಅಂತಹದೇ ಒಂದು ಊರು.

ನಮ್ಮ ಜಠರದ ಕ್ರಿಮಿಯ ಉದ್ದವು ಒಂದು ಮಿಲಿಮೀಟರಿನ ಸುಮಾರು ೩೦೦ರಲ್ಲಿ ಒಂದು ಪಾಲು. ಗೂಡಿನಿಂದ ಬಿಚ್ಚಿದ ಒಂದೇ ಎಳೆಯ ಅಡ್ಡಗಲದಲ್ಲಿ ನಾಲ್ಕೈದು ಕ್ರಿಮಿಗಳು ಉದ್ದಕ್ಕೆ ಮಲಗಬಹುದು. ಮೈ ತಿರುಪಿನಂತೆ ಸುತ್ತಿಕೊಂಡಿರುವುದು. ಒಂದು ತುದಿಯಲ್ಲಿ ಚಾಟಿಯಂತಹ ನಾಲ್ಕಾರು ಬಾಲಗಳು. ಹಿಪ್ಪುನೇರಳೆ ತೋಟಕ್ಕೆ ಚೆಲ್ಲುವ ಯೂರಿಯಾ ಎಂಬ ವಸ್ತುವೇ ಅಲ್ಪಪ್ರಮಾಣದಲ್ಲಿ ನಮ್ಮ ಜಠರರಸದಲ್ಲಿಯೂ ಉಂಟು. ಈ ಕ್ರಿಮಿಯು ಅದನ್ನೊಡೆದು ಅಮೋನಿಯವನ್ನು ಮಾಡಿ ತನ್ನ ಸುತ್ತಲಿನ ಆಮ್ಲವನ್ನು ಕೊಲ್ಲುವುದು. ಹಳದಿಯ ಪಾಕವು ಬಣ್ಣ ತಿರುಗಿದ್ದು ಇದರಿಂದಲೇ. ಆಮ್ಲವು ಕುಗ್ಗಿದೆಡೆಯಲ್ಲಿ ಗಟ್ಟಿಯಾದ ಲೋಳೆಯು ನೀರಾಗುವುದರಿಂದ ಅದಕ್ಕೆ ಈಜಲು ದಾರಿಯೂ ಆಗುವುದು. ಹೀಗೆ ಒಳಸೇರಿದವುಗಳಲ್ಲಿ ಬಹುಪಾಲು ಲೋಳೆಯಲ್ಲಿಯೇ ಈಜಿಕೊಂಡಿದ್ದು, ಕೆಲವು ಮಾತ್ರ ಪೊರೆಯ ಜೀವಕಣಗಳಿಗೆ ಅಂಟುವುವು. ಆ ಕಣಗಳ ಮೇಲೆ ರಕ್ತದ ಗುಂಪುಗಳನ್ನು ಗುರುತಿಸುವ ಸಕ್ಕರೆಗಳಿಗೆ ಸಂಬಂಧಪಟ್ಟ ಒಂದು ಸಕ್ಕರೆಯು ಚಾಚಿಕೊಂಡಿರುವುದು. ಕ್ರಿಮಿಯು ಹಿಡಿಯುವುದು ಅದನ್ನೇ ಎಂದು ೧೯೯೩ರಲ್ಲಿ ತಿಳಿದುಬಂದಿತು. ಇನ್ನೂ ಆಶ್ಚರ್ಯವಾದ ಸಂಗತಿಯು ೨೦೧೭ರಲ್ಲಿ ಪ್ರಕಟವಾಯಿತು. ಹಿಡಿದ ಕಣವು ಸವೆದು ಕಳಚಿ ಆಮ್ಲದ ಕಡೆಗೆ ತೇಲಿದೊಡನೆ, ಆಮ್ಲದ ಸೋಂಕಿನಿಂದ ಆ ಹಿಡಿಯು ತಾನಾಗಿ ಸಡಿಲುವುದಂತೆ. ಕ್ರಿಮಿಯು ಹಿಂದಿರುಗಿ ಈಜಿ ಹೊಸ ಕಣವನ್ನು ಹಿಡಿಯುವುದಂತೆ. ಹಿಡಿಯುವುದನ್ನು ಎಲ್ಲ ಜೀವಿಗಳೂ ಬಲ್ಲವು. ಬಿಡಬೇಕಾದಾಗ ಬಿಡುವುದನ್ನು ಬಲ್ಲುದರಿಂದಲೇ ಇದು ೫೦ ವರ್ಷ ಉಳಿಯಿತು.

ಬೇರೆ ಕ್ರಿಮಿಗಳ ಹಿಡಿತವು ಬೇರೆ ಬಗೆಯದು. ಹೆಂಗಸರಿಗೆ ಮೇಲಿಂದ ಮೇಲೆ ಬರುವ ಉರಿಮೂತ್ರಕ್ಕೆ ಬಹುಮಟ್ಟಿಗೆ ಕಾರಣವಾದುದು ಕರುಳಿನಲ್ಲಿ ಸಾಧುವಾಗಿ ಬಾಳುವ ಎಷರೀಷಿಯಾ ಕೋಲಿ ಎಂಬ ಕ್ರಿಮಿ. ಅದರ ಮೈತುಂಬ ಕೂದಲಿನಂತಹ ತಂತುಗಳಿರುವುವು. ಶಾಸ್ತ್ರಜ್ಞರು ಇವಕ್ಕಿಟ್ಟ ಲ್ಯಾಟಿನ್ ಹೆಸರಿಗೆ ಸೆರಗಿನ ಕುಚ್ಚು ಎಂದರ್ಥ. ಕುಚ್ಚಿನ ತುದಿಯ ಹಿಡಿಯು ಮೂತ್ರಕೋಶದ ಪೊರೆಯ ಮೇಲಿನ ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿಯುವುದು. ಮೂತ್ರದ ಸೆಳೆತವು ಹೆಚ್ಚಿದಷ್ಟೂ ಈ ಹಿಡಿಯು ಬಿಗಿಯುವುದೆಂದು ೨೦೦೨ರಲ್ಲಿ ಕಂಡುಕೊಂಡರು. ಹೊಲದ ಬದುವಿನಲ್ಲಿ ನಡೆದರೆ ಪಂಚೆಗೆ ಹತ್ತುವ ಉತ್ತರಾಣಿಯ ಬೀಜವನ್ನು ನೆನೆಯಿರಿ. ಕೊಡವಿದರೆ ಬೀಳದು, ಒಂದೊಂದನ್ನೇ ಬಿಡಿಸಬೇಕು. ವಿನೋದವೇನೆಂದರೆ ಈ ಗಿಡಕ್ಕೆ ಸಂಸ್ಕೃತದಲ್ಲಿ ಅಪಾಮಾರ್ಗ, ಎಂದರೆ ಒರಸಿ ತೆಗೆಯುವಂತಹುದು, ಎಂದು ಹೆಸರು. ನರಕಚತುರ್ದಶಿಯ ಸ್ನಾನದಲ್ಲಿ ಕೊಳೆ ಕಳೆಯಲೆಂದು ಬಳಸುವ ಗಿಡದ ಬೀಜವೇ ಎಲ್ಲಕ್ಕಿಂತ ಗಟ್ಟಿಯಾಗಿ ಅಂಟುವುದು.

ಅಂಟಿದವರೆಲ್ಲ ಶತ್ರುಗಳೆಂದು ಭಾವಿಸಬಾರದು. ನಮ್ಮ ದೇಹದಲ್ಲಿ ನಮ್ಮ ಸ್ವಂತ ಜೀವಕಣಗಳೆಷ್ಟೋ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಕ್ರಿಮಿಗಳೂ ಉಂಟೆಂದು ಈಗಿನ ಎಣಿಕೆ. ಬಹುಪಾಲು ದೊಡ್ಡಕರುಳಿನಲ್ಲಿದ್ದು ಉಪಕಾರವನ್ನೇ ಮಾಡುವುವು. ಚರಕಸಂಹಿತೆಯು ರೋಗಕಾರಕವಾದ ಕ್ರಿಮಿಗಳನ್ನು ಎಣಿಸುವಾಗ ಸಹಜ ಕ್ರಿಮಿಗಳನ್ನು ಬೇರೆಯಾಗಿ ಇಡುವುದು. ಸೂಕ್ಷ್ಮದರ್ಶಕವಿಲ್ಲದ ಕಾಲದವರು ಇಂದಿನ ಶಾಸ್ತ್ರವನ್ನು ಅರಿತಿದ್ದರೆಂದು ನಾವು ಹೇಳಲಾರೆವು. ಆದರೆ ಜೊತೆಯಲ್ಲಿ ಹುಟ್ಟಿ ಬಾಳುವುದು ಬೇರೆ, ಕೆಡಿಸುವುದು ಬೇರೆ ಎಂಬ ವಿವೇಕವು ಇಂದಿಗೂ ಸಲ್ಲುವುದು. ಎದೆಹಾಲಿನಲ್ಲಿ ಮಗುವೇ ಜೀರ್ಣಿಸಿಕೊಳ್ಳಲಾರದ ಕೆಲವು ಸಕ್ಕರೆಗಳಿರುವುವು. ಅವು ಕರುಳಿನ ಸಾಧು ಕ್ರಿಮಿಗಳಿಗೆ ಆಹಾರ. ಅಲ್ಲದೆ ಕೆಲವು, ಪೊರೆಯ ಮೇಲಿನ ಸಕ್ಕರೆಯಂತೆಯೇ ವೇಷ ಹಾಕಿ, ಕೆಟ್ಟ ಕ್ರಿಮಿಯ ಹಿಡಿಯನ್ನು ತಾವೇ ತುಂಬಿಬಿಡುವುವು. ಹೆರಿಗೆಯಾದೊಡನೆ ಬರುವ ಹಳದಿಯ ಮೊದಲ ಹಾಲಿನಲ್ಲಿ ಪೊರೆಯನ್ನು ಕಾಯುವ ರಕ್ಷಕವಸ್ತುವು ಅತ್ಯಧಿಕ. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ಪದ್ಧತಿಯು ಎಲ್ಲಿಯಾದರೂ ಉಳಿದಿದ್ದರೆ ತಾಯಂದಿರು ಅದನ್ನು ಬಿಡತಕ್ಕದ್ದು.

ಇಷ್ಟನ್ನು ಓದುವಾಗ ನಮ್ಮ ತಂದೆಯವರ ಹುಳುಮನೆಯು ಕಣ್ಣಿಗೆ ಕಟ್ಟುತ್ತಿದ್ದಿತು. ಹುಳುವಿಗೆ ಸಪ್ಪೆ ರೋಗವೆಂಬುದೊಂದು ಉಂಟು. ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಮೆತ್ತಗಾಗಿ, ಸತ್ತ ಮೇಲೆ ಕಪ್ಪಾಗಿ ಕೊಳೆತು ನಾರುವುದು. ೧೮೬೫ರಿಂದ ಕೆಲವು ವರ್ಷ ಫ್ರಾನ್ಸಿನ ಅಲೆಸ್ ಎಂಬಲ್ಲಿ ರೇಷ್ಮೆಹುಳುವಿನ ರೋಗಗಳನ್ನು ಶೋಧಿಸಿದ ಲೂಯಿ ಪಾಶ್ಚರ್ ಮಹಾಶಯರು, ಗಂಟು ರೋಗವೂ ಈ ಸಪ್ಪೆ ರೋಗವೂ ಬೇರೆ ಬೇರೆಯೆಂದೂ, ಸಪ್ಪೆ ರೋಗದಲ್ಲಿ ಹುಳುವಿನ ಕರುಳಿನೊಳಗೆ ಕ್ರಿಮಿಗಳು ಹೆಚ್ಚುವುವೆಂದೂ ಕಂಡು, ೧೮೭೦ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ತಂದೆಯವರು ಪಾಶ್ಚರರ ಹೆಸರನ್ನು ಕೇಳಿದವರಲ್ಲ. ಆದರೂ ಒದ್ದೆ ಸೊಪ್ಪನ್ನು ಹಾಕಬಾರದು, ಹುಳುಗಳನ್ನು ಒತ್ತಾಗಿ ಬಿಡಬಾರದು, ತಟ್ಟೆಯ ಹಿಕ್ಕೆಯನ್ನು ದಿನವೂ ತೆಗೆಯಬೇಕು, ಗಾಳಿಯಾಡಬೇಕು ಎಂದು ನಮಗೆ ಗದರಿ ಕಲಿಸಿದ್ದರು. ಹುಳುವಿನ ಹೊಟ್ಟೆಯನ್ನು ಅಷ್ಟು ಜೋಪಾನವಾಗಿ ಕಾಪಾಡಿದವರ ಸ್ವಂತ ಹೊಟ್ಟೆಯೊಳಗೆ ಏನಿದ್ದಿತೆಂಬುದು ಅವರಿಗೂ ತಿಳಿಯಲಿಲ್ಲ, ಅವರನ್ನು ನೋಡಿದ ವೈದ್ಯರಿಗೂ ತಿಳಿಯಲಿಲ್ಲ. ವೈದ್ಯರನ್ನು ದೂರುವಂತಿಲ್ಲ, ಆಗಿನ ಶಾಸ್ತ್ರವೇ ಹಾಗೆ ಹೇಳುತ್ತಿದ್ದಿತು.

ಆ ಶಾಸ್ತ್ರವು ತಿದ್ದಿಹೋದುದು ಆಸ್ಟ್ರೇಲಿಯದ ಪರ್ತ್ ನಗರದಲ್ಲಿ. ಅಲ್ಲಿಯ ರಾಬಿನ್ ವಾರೆನ್ ಎಂಬವರು ೧೯೭೯ರಲ್ಲಿ ಜಠರದ ಪೊರೆಯಲ್ಲಿ ತಿರುಪಿನಂತಹ ಕ್ರಿಮಿಗಳನ್ನು ಕಂಡರು. ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯರು ಅವರನ್ನು ಕೂಡಿಕೊಂಡು, ಆ ಕ್ರಿಮಿಗಳನ್ನು ತಟ್ಟೆಯಲ್ಲಿ ಬೆಳೆಯಿಸಲು ಬಾರಿಬಾರಿಗೂ ಯತ್ನಿಸಿ ಸೋತರು. ೧೯೮೨ರ ಏಪ್ರಿಲಿನಲ್ಲಿ ಈಸ್ಟರ್ ರಜೆಯ ನಿಮಿತ್ತ ಎರಡು ದಿನಕ್ಕೆ ಎಸೆಯಬೇಕಾಗಿದ್ದ ತಟ್ಟೆಯು ಇನ್ನೂ ಕೆಲವು ದಿನ ಉಳಿದುದರಿಂದ ಕ್ರಿಮಿಯು ಬೆಳೆದು ಕಾಣಿಸಿತು. ಯಾರೂ ನಂಬದಿರಲು, ಮಾರ್ಷಲ್ಲರು ೧೯೮೪ರಲ್ಲಿ ಆ ಕ್ರಿಮಿಯನ್ನು ತಾವೇ ಕುಡಿದು ಜಠರದ ಉರಿಯೂತವನ್ನು ತಂದುಕೊಂಡು ತೋರಿಸಿದರು. ೨೦೦೫ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಿಕವು ಬಂದಿತು. ವಾಚಕರು ವರ್ಷಗಳನ್ನು ಗಮನಿಸಬೇಕು. ನಮ್ಮ ತಂದೆಯವರು ತೀರಿಕೊಂಡಾಗ ಅವರನ್ನು ಕೊಂದ ಕ್ರಿಮಿಯು ಲೋಕದ ಇನ್ನೊಂದು ಮೂಲೆಯಲ್ಲಿ ಗುರುತು ಸಿಕ್ಕಿ ಒಂದು ವರ್ಷವಾಗಿದ್ದಿತು. ತಾಯಿಯವರು ತಮ್ಮ ಖಾರವನ್ನೇ ದೂರಿಕೊಳ್ಳುತ್ತ ಹೋದ ಮರುವರ್ಷ ಪಾರಿತೋಷಿಕವು ಬಂದಿತು. ತಂದೆಯವರ ಹೊಟ್ಟೆಯನ್ನು ಯಾರೂ ಪರೀಕ್ಷಿಸಿರಲಿಲ್ಲ. ಆದರೂ ಅದೇ ಉರಿ, ಅದೇ ವೇಳೆ, ಅದೇ ಮನೆಯ ನೀರು. ನಮಗೆ ಸಂದೇಹವಿಲ್ಲ.

ಗೃಹಸ್ಥರ ಉಪಯೋಗಕ್ಕಾಗಿ ಕೆಲವು ಮಾತು. ಲೋಕದ ಜನರಲ್ಲಿ ಅರ್ಧಕ್ಕೆ ಸಮೀಪವಾಗಿ ಈ ಕ್ರಿಮಿಯನ್ನು ಹೊತ್ತಿರುವರು. ಬಹುಮಂದಿಗೆ ಯಾವ ಬಾಧೆಯೂ ಇಲ್ಲ. ಆದುದರಿಂದ ಹೆದರಬೇಕಾದುದಿಲ್ಲ. ಆದರೆ ಕೆಲವರಿಗೆ ಹುಣ್ಣಾಗುವುದು. ಇನ್ನೂ ಕೆಲವರಿಗೆ ಬಹುಕಾಲದ ಮೇಲೆ ಜಠರದ ಅರ್ಬುದವಾಗುವುದು. ೧೯೯೪ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದ ಸಂಶೋಧನಾ ಸಂಸ್ಥೆಯು ಇದನ್ನು ಅರ್ಬುದಕಾರಕವೆಂದು ಸಾರಿತು. ಇದು ಹೆಚ್ಚಾಗಿ ಬಾಲ್ಯದಲ್ಲಿ, ಒಂದೇ ಮನೆಯೊಳಗೆ, ಒಬ್ಬರಿಂದೊಬ್ಬರಿಗೆ ಹತ್ತುವುದು. ಶುದ್ಧವಾದ ನೀರು, ತೊಳೆದ ಕೈ, ಮಗುವಿಗೆ ಅಗಿದು ತಿನ್ನಿಸದಿರುವಿಕೆ, ಇವೇ ಎಚ್ಚರ. ಚೊಂಬನ್ನೆತ್ತಿ ತುಟಿಗೆ ಸೋಕದಂತೆ ಕುಡಿಯುವ ನಮ್ಮ ಹಳೆಯ ಅಭ್ಯಾಸವು ಒಳ್ಳೆಯದೇ. ಆದರೆ ಎಂಜಲಿನ ವಿಚಾರವನ್ನು ಮುಂದೆಮಾಡಿ ಮನುಷ್ಯರನ್ನು ಹೊರಗೆ ನಿಲ್ಲಿಸಿದ್ದು ಯಾವ ಶಾಸ್ತ್ರಕ್ಕೂ ಒಪ್ಪುವುದಲ್ಲ. ಹುಣ್ಣಿಗೆ ಇನ್ನೊಂದು ಕಾರಣವೂ ಉಂಟು: ಕೀಲುನೋವಿಗೆಂದು ಅಂಗಡಿಯಿಂದ ತಂದು ನುಂಗುವ ಗುಳಿಗೆಗಳು. ಹೊಟ್ಟೆನೋವು ಬಿಡದಿದ್ದರೆ, ಮಲವು ಕಪ್ಪಾದರೆ, ತೂಕವಿಳಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕೊಟ್ಟ ಔಷಧವನ್ನು ನಡುವೆ ಬಿಡಬಾರದು. ಬಿಟ್ಟರೆ ಉಳಿದ ಕ್ರಿಮಿಯು ಆ ಔಷಧಕ್ಕೆ ಪಳಗುವುದು. ನಮ್ಮ ದೇಶದಲ್ಲಿ ಹೀಗೆ ಪಳಗಿದವು ಈಗಾಗಲೇ ಹೆಚ್ಚಾಗಿವೆ.

ನಾವು ೧೪ ದಿನ ಔಷಧ ಸೇವಿಸಿದೆವು. ಬಾಯಿ ಕಹಿಯಾಯಿತು, ಹೊಟ್ಟೆ ತೊಳಸಿತು, ಬಿಡಲಿಲ್ಲ. ಎರಡು ತಿಂಗಳ ಮೇಲೆ ಉಸಿರಿನ ಪರೀಕ್ಷೆ ಮಾಡಿ ಒಕ್ಕಲು ಖಾಲಿಯಾಯಿತೆಂದರು. ಅಂದು ಮನೆಗೆ ಬಂದವರೇ ಹಿತ್ತಲಿಗೆ ಹೋಗಿ, ಮಣ್ಣಿನಲ್ಲಿ ಅರ್ಧ ಹೂತಿದ್ದ ಒರಳನ್ನು ಮಗನ ಸಹಾಯದಿಂದ ಎತ್ತಿ ತೊಳೆದು ಅಡಿಗೆಮನೆಗೆ ತಂದಿಟ್ಟೆವು. “ತಪ್ಪಾಯಿತು. ಖಾರ ಅರೆ” ಎಂದೆವು. ಅದಕ್ಕಿಂತ ಹೆಚ್ಚಿನ ಮಾತು, ಇಷ್ಟು ವಿದ್ಯೆ ಕಲಿತ ನಮ್ಮ ಬಾಯಿಂದ ಹೊರಡಲಿಲ್ಲ. ಗೃಹಿಣಿಯು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆಯಿಟ್ಟು ಅರೆದು, ಮುದ್ದೆ ಉಪ್ಪುಸಾರಿನೊಡನೆ ಬಡಿಸಿ, ಎದುರಿಗೆ ತಾನೂ ಕುಳಿತಳು. ನಾವು ಉಂಡೆವು, ಉರಿಯಲಿಲ್ಲ. ಆಕೆಯು ಒಂದು ತುತ್ತು ಬಾಯಿಗಿಟ್ಟು ಕೆಮ್ಮಿ, ಕಣ್ಣಲ್ಲಿ ನೀರು ತುಂಬಿ, ಚೊಂಬನ್ನೆತ್ತಿದಳು.

“ಏನೂಂದ್ರೆ, ನನ್ನ ನಾಲಿಗೆ ಮರೆತುಬಿಟ್ಟಿದೆ. ಈಗ ನನಗೇ ಆಗೋದಿಲ್ಲ” ಎಂದು ನಕ್ಕಳು.

ಹೊಟ್ಟೆಯ ಒಕ್ಕಲನ್ನು ಬಿಡಿಸಲು ೧೪ ದಿನ ಸಾಕಾಯಿತು. ಆಕೆಯ ನಾಲಿಗೆಗೆ ಹತ್ತಿದ್ದ ೨೮ ವರ್ಷದ ಸಪ್ಪೆಯನ್ನು ಬಿಡಿಸುವ ಔಷಧವನ್ನು ಯಾವ ವೈದ್ಯರೂ ಬರೆದುಕೊಡಲಾರರು. ಆದರೂ ಪ್ರತಿ ಶನಿವಾರ ಒರಳಿನ ಮುಂದೆ ನಾವೇ ಕುಳಿತು ಅರೆಯುತ್ತೇವೆ. ಮೊದಲು ಒಂದೇ ಮೆಣಸಿನಕಾಯಿ ಇಟ್ಟೆವು. ಈಗ ಮೂರಕ್ಕೆ ಬಂದಿದೆ. ನಮ್ಮ ತಾಯಿಯವರು ಎಂಟು ಇಡುತ್ತಿದ್ದರು.